ಹೇನೋ, ಹೊಟ್ಟೋ?

ತಲೆಗೂದಲಿನಲ್ಲಿ ಬೆಳ್ಳಗಿನ ಚುಕ್ಕೆಯೊಂದು ಕಂಡರೆ ಅದು ಏನು? ಈ ಪ್ರಶ್ನೆ ಮೇಲುನೋಟಕ್ಕೆ ಬಹು ಸಣ್ಣದು. ವಿಜ್ಞಾನದ ಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಇದು ಎಂದು ಕೆಲವರು ಹುಬ್ಬೇರಿಸಲೂಬಹುದು. ಆದರೆ ಇದಕ್ಕೆ ತಪ್ಪು ಉತ್ತರ ದೊರೆತಾಗ ಉಂಟಾಗುವ ಹಾನಿ ಸಣ್ಣದಲ್ಲ. ಹೊಟ್ಟನ್ನು ಸೀರೆಂದು ಬಗೆದು ಎಳೆಯ ಹುಡುಗಿಯ ತಲೆಯನ್ನು ಬೋಳಿಸುವುದುಂಟು. ಸೀಮೆಎಣ್ಣೆ ಹಚ್ಚಿ ಉರಿಯುವ ಒಲೆಯ ಬಳಿ ಕೂರಿಸುವುದುಂಟು. ತೋಟಕ್ಕೆಂದು ತಂದ ಕೀಟನಾಶಕವನ್ನು ಮಗುವಿನ ತಲೆಗೆ ಸವರುವುದೂ ಉಂಟು. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬೂಷ್ಟಿನಿಂದ ಬಂದ ಚರ್ಮರೋಗವನ್ನು ಹೇನಿನ ಕಡಿತವೆಂದು ತಿಳಿದು ತಿಂಗಳುಗಟ್ಟಲೆ ಸುಮ್ಮನಿದ್ದರೆ, ಆ ಜಾಗದಲ್ಲಿ ಮತ್ತೆಂದೂ ಕೂದಲು ಹುಟ್ಟದಂತೆ ಕಲೆ ಉಳಿಯಬಹುದು. ಆದ್ದರಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತಿಳಿಯುವ ಬಗೆ ಯಾವುದೆಂಬುದನ್ನು ವಿಚಾರಿಸುವುದು ವ್ಯರ್ಥವಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಘಟ್ಟವನ್ನಿಳಿಯುವ ಸುಮಾರು ೫೫ ಕಿಲೋಮೀಟರುಗಳ ರೈಲುದಾರಿಯಲ್ಲಿ ೫೭ ಸುರಂಗಗಳಿವೆ. ದೋಣಿಗಾಲ್, ಕಡಗರವಳ್ಳಿಗಳನ್ನು ದಾಟಿದ ಮೇಲೆ ದಟ್ಟವಾದ ಕಾಡಿನ ನಡುವೆ ಎದುರಾಗುವ ನಿಲ್ದಾಣವೇ ಎಡಕುಮೇರಿ. ಇಂಥ ಸೀಮೆಯಲ್ಲಿ ಚರ್ಮರೋಗದ ತಜ್ಞರು ಮನೆಯ ಬಾಗಿಲಲ್ಲಿ ಸಿಗುವುದಿಲ್ಲ. ಸಕಲೇಶಪುರ, ಆಲೂರುಗಳ ಬೆಟ್ಟದ ಹಳ್ಳಿಗಳಲ್ಲಿ, ಕಾಫಿತೋಟದ ಲೈನುಮನೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ತಲೆಯ ಮೊದಲ ಪರೀಕ್ಷೆ ನಡೆಯುವುದು ಜಗಲಿಯ ಬೆಳಕಿನಲ್ಲಿ, ತಾಯಿಯ ಅಥವಾ ಅಜ್ಜಿಯ ಬೆರಳುಗಳಿಂದ. ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲು ಕಾಣದೆ ನೆನೆದ ಕೂದಲು ಆರುವುದಿಲ್ಲ. ಬೇಸಗೆಯಲ್ಲಿ ಕಾಡಿಗೆ ಹೋಗಿಬಂದವರ ಮೈಮೇಲೆ ಉಣುಗು ಹತ್ತಿರುತ್ತದೆ. ಹೀಗೆ, ಅನುಮಾನಕ್ಕೆ ಎಡೆಮಾಡುವ ವಸ್ತುಗಳ ಸಂಖ್ಯೆ ಇಲ್ಲಿ ಬಯಲುಸೀಮೆಗಿಂತ ಹೆಚ್ಚೇ.

ನಾವು ಭೌತವಿಜ್ಞಾನವನ್ನು ಬೋಧಿಸುವವರು, ವೈದ್ಯರಲ್ಲ. ಆದರೆ ಸರಿಯಾಗಿ ನೋಡುವುದು, ಅಳೆಯುವುದು, ಸಾಕ್ಷ್ಯವಿರುವಷ್ಟನ್ನೇ ಹೇಳುವುದು ಎಲ್ಲ ವಿಜ್ಞಾನಗಳಿಗೂ ಸಮಾನವಾದ ವಿದ್ಯೆ. ಈ ಪ್ರಶ್ನೆಗೆ ಬೇಕಾದ ಉಪಕರಣಗಳಾದರೋ ಒಂದು ಮಸೂರ, ಒಂದು ಅಳತೆಪಟ್ಟಿ, ಒಂದು ಸೀರಣಿಗೆ ಮತ್ತು ಹಗಲಿನ ಬೆಳಕು, ಇಷ್ಟೇ.

ಹೇನು ಎಂಬ ಜೀವಿ

೧೬೬೫ರಲ್ಲಿ ರಾಬರ್ಟ್ ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡ ವಸ್ತುಗಳ ಚಿತ್ರಗಳನ್ನು 'ಮೈಕ್ರೋಗ್ರಾಫಿಯಾ' ಎಂಬ ಗ್ರಂಥದಲ್ಲಿ ಪ್ರಕಟಿಸಿದನು. ಸ್ಪ್ರಿಂಗಿನ ಹಿಗ್ಗುವಿಕೆಯ ನಿಯಮದಿಂದ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾದ ಹುಕ್ ಇವನೇ. ಆ ಗ್ರಂಥದಲ್ಲಿ ಮಡಿಸಿಟ್ಟ ದೊಡ್ಡ ಹಾಳೆಯೊಂದರ ಮೇಲೆ ಹೇನಿನ ಚಿತ್ರವಿದೆ. ಅದು ಒಂದು ಕೂದಲನ್ನು ಹಿಡಿದುಕೊಂಡಿರುವಂತೆ ಹುಕ್ ಬರೆದಿದ್ದಾನೆ. ಹೇನಿನ ಬಾಳನ್ನೆಲ್ಲ ಈ ಹಿಡಿತ ಒಂದರಲ್ಲೇ ಸಂಗ್ರಹಿಸಿ ಹೇಳಬಹುದು.

ತಲೆಹೇನಿನ ಶಾಸ್ತ್ರೀಯ ನಾಮ ಪೆಡಿಕ್ಯುಲಸ್ ಹ್ಯೂಮಾನಸ್ ಕ್ಯಾಪಿಟಿಸ್. ಬೆಳೆದ ಹೇನು ೨ರಿಂದ ೩ ಮಿಲಿಮೀಟರು ಉದ್ದ, ಅಂದರೆ ಎಳ್ಳಿನ ಗಾತ್ರ. ರೆಕ್ಕೆಯಿಲ್ಲ, ಹಾರಲಾರದು, ಕುಪ್ಪಳಿಸಲಾರದು. ಆರು ಕಾಲುಗಳ ತುದಿಯಲ್ಲಿಯೂ ಕೂದಲಿನ ದಪ್ಪಕ್ಕೆ ಸರಿಹೊಂದುವ ಕೊಕ್ಕೆಗಳಿವೆ. ಕೂದಲಿನ ಮೇಲೆ ಅದು ನಿಮಿಷಕ್ಕೆ ೨೩ ಸೆಂಟಿಮೀಟರುಗಳವರೆಗೆ ಓಡಬಲ್ಲದು. ಬೆಳಕು ಬಿದ್ದೊಡನೆ ಮರೆಗೆ ಸರಿಯುವುದರಿಂದ, ಕೂದಲನ್ನು ಬಿಡಿಸಿ ನೋಡುವವರ ಕಣ್ಣಿಗೆ ಅದು ಬೀಳುವುದೇ ಅಪರೂಪ. ದಿನಕ್ಕೆ ಹಲವು ಬಾರಿ ನೆತ್ತರು ಹೀರಿ, ಸುಮಾರು ಒಂದು ತಿಂಗಳು ಬದುಕುತ್ತದೆ. ತಲೆಯಿಂದ ಬೇರ್ಪಟ್ಟರೆ ಆಹಾರವಿಲ್ಲದೆ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಆದುದರಿಂದ ಅದು ಒಬ್ಬರಿಂದ ಒಬ್ಬರಿಗೆ ದಾಟುವುದು ಮುಖ್ಯವಾಗಿ ತಲೆಗೆ ತಲೆ ತಾಗಿದಾಗ. ಕೊಳಕಿನಿಂದ ಹೇನು ಹುಟ್ಟುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ದಿನವೂ ಮೀಯುವ ಮಗುವಿಗೂ ಅದು ಹತ್ತುತ್ತದೆ. ನೀರು ಬಿದ್ದಾಗ ಉಸಿರಿನ ರಂಧ್ರಗಳನ್ನು ಮುಚ್ಚಿಕೊಂಡು ಕೂದಲನ್ನು ಬಿಗಿಯಾಗಿ ಹಿಡಿದು ಉಳಿಯುತ್ತದೆ.

ಇಲ್ಲಿ ಒಂದು ಭೇದವನ್ನು ಹೇಳಬೇಕು. ಬಟ್ಟೆಯ ಹೊಲಿಗೆಗಳಲ್ಲಿ ಸೇರಿಕೊಳ್ಳುವ ಕೂರೆ ತಲೆಹೇನಿನ ಹತ್ತಿರದ ಸಂಬಂಧಿ. ಟೈಫಸ್ ಜ್ವರವನ್ನು ಹರಡುವುದು ಈ ಕೂರೆಯೇ ಎಂದು ಟ್ಯೂನಿಸ್ ನಗರದಲ್ಲಿ ಚಾರ್ಲ್ಸ್ ನಿಕೋಲ್ ೧೯೦೯ರಲ್ಲಿ ತೋರಿಸಿದನು. ಆ ಶೋಧಕ್ಕೆ ೧೯೨೮ರ ನೊಬೆಲ್ ಪಾರಿತೋಷಕ ದೊರೆಯಿತು. ತಲೆಹೇನಿಗೆ ಆ ಅಪಕೀರ್ತಿ ಸಲ್ಲುವುದಿಲ್ಲ. ಅದರಿಂದಾಗುವ ತೊಂದರೆ ತುರಿಕೆ, ನಿದ್ದೆಗೇಡು ಮತ್ತು ಕೆರೆದ ಗಾಯ ಕೀವುಗಟ್ಟುವುದು.

ತುರಿಕೆಯನ್ನು ನಂಬಿ ನಿರ್ಣಯಿಸುವುದೂ ಸರಿಯಲ್ಲ. ತುರಿಕೆಗೆ ಕಾರಣ ಕಚ್ಚಿದ ನೋವಲ್ಲ. ಹೇನಿನ ಜೊಲ್ಲಿಗೆ ನಮ್ಮ ದೇಹ ತೋರುವ ಅಸಹನೆ. ಮೊದಲ ಸಲ ಹೇನು ಹತ್ತಿದವರಿಗೆ ಈ ಅಸಹನೆ ಮೂಡಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಹೀಗೆ ತುರಿಕೆಯಿಲ್ಲದ ತಲೆಯಲ್ಲಿ ಹೇನಿರಬಹುದು. ಹೇನಿಲ್ಲದ ತಲೆಯಲ್ಲಿ ತುರಿಕೆಯಿರಬಹುದು.

ಸೀರು ಮತ್ತು ಅದರ ಗೋಂದು

ಹೆಣ್ಣುಹೇನು ದಿನಕ್ಕೆ ಆರೆಂಟು ಮೊಟ್ಟೆಗಳನ್ನಿಡುತ್ತದೆ. ಈ ಮೊಟ್ಟೆಯೇ ಸೀರು. ಉದ್ದ ಸುಮಾರು ೦.೮ ಮಿಲಿಮೀಟರು, ಅಗಲ ೦.೩ ಮಿಲಿಮೀಟರು. ಆಕಾರ ತುಸು ಉದ್ದನೆಯ ಹನಿಯಂತೆ; ಮೇಲ್ತುದಿಯಲ್ಲಿ ಗಾಳಿಯಾಡಲು ಸೂಕ್ಷ್ಮರಂಧ್ರಗಳಿರುವ ಮುಚ್ಚಳವಿದೆ. ಬುಡದ ಬಳಿಯ ಕೂದಲಿಗೆ ಹೆಣ್ಣುಹೇನು ಒಂದು ತೊಟ್ಟು ಅಂಟನ್ನು ಸ್ರವಿಸಿ, ಅದರೊಳಗೆ ಮೊಟ್ಟೆಯನ್ನು ಕೂರಿಸುತ್ತದೆ. ಅಂಟು ಕೂದಲನ್ನು ತೋಳಿನಂತೆ ಬಳಸಿ ಗಟ್ಟಿಯಾಗುತ್ತದೆ. ಮೊಟ್ಟೆ ಮಾತ್ರ ಕೂದಲಿನ ಒಂದು ಪಕ್ಕಕ್ಕೆ, ಓರೆಯಾಗಿ ನಿಲ್ಲುತ್ತದೆ.

ಈ ಅಂಟು ಪ್ರೋಟೀನಿನಿಂದಾದುದು, ಕೂದಲೂ ಪ್ರೋಟೀನೇ. ಅಂಟನ್ನು ಕರಗಿಸಬಲ್ಲ ತೀಕ್ಷ್ಣ ದ್ರವ ಕೂದಲನ್ನೂ ಕೆಡಿಸುತ್ತದೆ. ಆದುದರಿಂದಲೇ ಸೀರನ್ನು ತೊಳೆದು ತೆಗೆಯಲಾಗದು, ಬಲವಂತವಾಗಿ ಜಾರಿಸಿ ಎಳೆಯಬೇಕು. ನಮ್ಮ ಹಿರಿಯರು ಇದಕ್ಕಾಗಿಯೇ ಹಲ್ಲುಗಳು ಒತ್ತೊತ್ತಾಗಿರುವ ಹಣಿಗೆಯನ್ನು ಮಾಡಿಕೊಂಡು ಅದನ್ನು ಸೀರಣಿಗೆ ಎಂದು ಕರೆದರು. ಹಲ್ಲುಗಳ ನಡುವಣ ಎಡೆ ೦.೨ರಿಂದ ೦.೩ ಮಿಲಿಮೀಟರಿನಷ್ಟಿದ್ದರೆ, ಸುಮಾರು ೦.೦೭ ಮಿಲಿಮೀಟರು ದಪ್ಪದ ಕೂದಲು ಅದರಲ್ಲಿ ನಿರಾತಂಕವಾಗಿ ಹಾಯುತ್ತದೆ, ಹೇನು ಹಾಯಲಾರದು. ಜರಡಿಯ ತತ್ತ್ವವೇ ಇಲ್ಲಿಯೂ ಇರುವುದು.

ಸೀರಿನ ಈ ಬಿಗಿತವೇ ಅದರ ಮೊದಲ ಗುರುತು. ಕೂದಲಿನ ಮೇಲಿರುವ ಚುಕ್ಕೆಯನ್ನು ಊದಿದರೆ ಹಾರಿಹೋಯಿತೆ? ಅದು ಹೊಟ್ಟು. ಎರಡು ಬೆರಳುಗಳಿಂದ ಹಿಡಿದು ತುದಿಯ ಕಡೆಗೆ ಎಳೆದಾಗ ಸಲೀಸಾಗಿ ಜಾರಿತೆ? ಅದೂ ಸೀರಲ್ಲ. ಉಗುರಿನಿಂದ ಒತ್ತಿ ಎಳೆದರೂ ಜಗ್ಗದೆ ನಿಂತರೆ ಸೀರೆಂಬ ಅನುಮಾನ ಬಲಗೊಳ್ಳುತ್ತದೆ.

ಕೂದಲೇ ಗಡಿಯಾರ

ಸೀರೆಂದು ಗೊತ್ತಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಅದು ಜೀವವಿರುವುದೋ, ಬರಿಯ ಚಿಪ್ಪೋ? ಇದಕ್ಕೆ ಉತ್ತರ ಹೇಳುವ ಗಡಿಯಾರವೊಂದು ಪ್ರತಿಯೊಬ್ಬರ ತಲೆಯ ಮೇಲೂ ಇದೆ. ತಲೆಗೂದಲು ದಿನಕ್ಕೆ ಸುಮಾರು ೦.೩೫ ಮಿಲಿಮೀಟರು, ಅಂದರೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಅಂಟಿದ ಸೀರು ಅಂಟಿದಲ್ಲಿಯೇ ಇದ್ದು, ಕೂದಲು ಬೆಳೆದಂತೆ ಬುಡದಿಂದ ದೂರ ಸಾಗುತ್ತದೆ.

ಬುಡದಿಂದ ೨ ಮಿಲಿಮೀಟರು ಎತ್ತರದಲ್ಲಿ ಮೊಟ್ಟೆ ಇಟ್ಟಿತೆಂದು ಭಾವಿಸೋಣ. ಅದು ಒಡೆಯಲು ಏಳರಿಂದ ಹತ್ತು ದಿನ ಬೇಕು. ಹತ್ತು ದಿನಗಳಲ್ಲಿ ಕೂದಲು ೩.೫ ಮಿಲಿಮೀಟರು ಬೆಳೆಯುತ್ತದೆ. ಆಗ ಸೀರಿನ ದೂರ ೫.೫ ಮಿಲಿಮೀಟರು. ಎಂದರೆ ಬುಡದಿಂದ ಸುಮಾರು ೬ ಮಿಲಿಮೀಟರುಗಳೊಳಗೆ ಇರುವ ಸೀರುಗಳಲ್ಲಿ ಜೀವವಿರಬಹುದು. ಒಂದು ಸೆಂಟಿಮೀಟರಿಗಿಂತ ದೂರದಲ್ಲಿರುವುದು ಬಹುಮಟ್ಟಿಗೆ ಬರಿಯ ಚಿಪ್ಪು. ೩ ಸೆಂಟಿಮೀಟರು ದೂರದಲ್ಲಿ ಕಂಡ ಸೀರು ಮೂರು ತಿಂಗಳ ಹಿಂದಿನ ಸಂಗತಿಯನ್ನು ಹೇಳುತ್ತಿದೆಯೇ ಹೊರತು ಇಂದಿನದನ್ನಲ್ಲ. ಬೆಚ್ಚಗಿನ ಸೀಮೆಗಳಲ್ಲಿ ಹೇನು ಬುಡದಿಂದ ಇನ್ನಷ್ಟು ದೂರದಲ್ಲಿಯೂ ಮೊಟ್ಟೆಯಿಡುವುದುಂಟಾದ್ದರಿಂದ ಈ ಲೆಕ್ಕವನ್ನು ಕಟ್ಟುನಿಟ್ಟಿನ ನಿಯಮವೆಂದು ಹಿಡಿಯದೆ ಅಂದಾಜೆಂದು ಹಿಡಿಯಬೇಕು.

ಈ ಅಂದಾಜಿಗೆ ಬೆಲೆಯುಂಟೆಂಬುದನ್ನು ಅಮೆರಿಕದ ಅಟ್ಲಾಂಟಾ ಪ್ರದೇಶದ ಶಾಲಾಮಕ್ಕಳಲ್ಲಿ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ೧,೭೨೯ ಮಕ್ಕಳನ್ನು ಪರೀಕ್ಷಿಸಿದಾಗ ೨೮ ಮಕ್ಕಳಲ್ಲಿ ಹೇನು ಕಂಡವು. ೬೩ ಮಕ್ಕಳಲ್ಲಿ ಬರಿಯ ಸೀರು ಕಂಡಿತು. ಬರಿಯ ಸೀರಿದ್ದವರ ಪೈಕಿ ೫೦ ಮಕ್ಕಳನ್ನು ಮುಂದೆಯೂ ಗಮನಿಸಲಾಗಿ, ಹೇನು ಬಂದದ್ದು ೯ ಮಕ್ಕಳಿಗೆ ಮಾತ್ರ. ಬುಡದ ಬಳಿಯಲ್ಲಿ ಐದು ಅಥವಾ ಹೆಚ್ಚು ಸೀರುಗಳಿದ್ದವರಿಗೆ ಈ ಸಂಭವ ಹೆಚ್ಚಾಗಿತ್ತು. ಸೀರು ಕಂಡಿತೆಂಬ ಕಾರಣಕ್ಕೇ ಮಗುವನ್ನು ಶಾಲೆಯಿಂದ ಮನೆಗೆ ಕಳುಹಿಸಿದ್ದರೆ, ಆ ಐವತ್ತರಲ್ಲಿ ನಲವತ್ತೊಂದು ಮಕ್ಕಳು ನಿಷ್ಕಾರಣವಾಗಿ ಪಾಠ ಕಳೆದುಕೊಳ್ಳುತ್ತಿದ್ದರು.

ಬಿಳುಪಿನ ಮೋಸ

ಹೊಟ್ಟು ಬೆಳ್ಳಗಿದೆ, ಒಡೆದ ಸೀರಿನ ಚಿಪ್ಪೂ ಬೆಳ್ಳಗಿದೆ. ಆದರೆ ಇವೆರಡರಲ್ಲಿ ಯಾವುದರಲ್ಲಿಯೂ ಬಿಳಿಯ ಬಣ್ಣವೆಂಬುದಿಲ್ಲ! ಪುಡಿಮಾಡಿದ ಗಾಜು ಬೆಳ್ಳಗೆ ಕಾಣುವಂತೆಯೇ ಇದೂ. ಬೆಳಕು ಗಾಳಿಯಿಂದ ಪಾರದರ್ಶಕ ವಸ್ತುವಿಗೆ ಹಾಯುವ ಪ್ರತಿಯೊಂದು ಮೇಲ್ಮೈಯಲ್ಲಿಯೂ ಸ್ವಲ್ಪ ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಚರ್ಮದ ಕೆರಟಿನ್ ಪದಾರ್ಥದ ವಕ್ರೀಭವನಾಂಕ ಸುಮಾರು ೧.೫೫. ಗಾಳಿಯದು ೧. ನೇರವಾಗಿ ಬಿದ್ದ ಬೆಳಕಿನಲ್ಲಿ ಪ್ರತಿಫಲಿಸುವ ಪಾಲನ್ನು ತಿಳಿಯಲು ಎರಡು ಅಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಬೇಕು. ೦.೫೫ನ್ನು ೨.೫೫ರಿಂದ ಭಾಗಿಸಿ ವರ್ಗ ಮಾಡಿದರೆ ನೂರಕ್ಕೆ ಸುಮಾರು ೪.೭. ಹೊಟ್ಟಿನ ಚೂರಿನಲ್ಲಿ ಒಂದರ ಮೇಲೊಂದು ಹಾಸಿದ ತೆಳುಪದರಗಳೂ ಅವುಗಳ ನಡುವೆ ಗಾಳಿಯೂ ಇರುವುದರಿಂದ, ಈ ಪ್ರತಿಫಲನ ಮತ್ತೆ ಮತ್ತೆ ನಡೆದು ಬೆಳಕು ಎಲ್ಲ ದಿಕ್ಕಿಗೂ ಚದರುತ್ತದೆ. ಚೂರು ಬೆಳ್ಳಗೆ ಕಾಣುತ್ತದೆ.

ಈಗ ಅದರ ಮೇಲೆ ಕೊಬ್ಬರಿಎಣ್ಣೆ ಬಿದ್ದಿತೆನ್ನೋಣ. ಎಣ್ಣೆಯ ವಕ್ರೀಭವನಾಂಕ ಸುಮಾರು ೧.೪೫. ಅದು ಪದರಗಳ ನಡುವಣ ಗಾಳಿಯನ್ನು ಹೊರದೂಡಿ ತಾನು ಸೇರಿಕೊಳ್ಳುತ್ತದೆ. ಈಗ ಪ್ರತಿಫಲಿಸುವ ಪಾಲು ನೂರಕ್ಕೆ ಸುಮಾರು ೦.೧ ಮಾತ್ರ, ಎಂದರೆ ಮೊದಲಿನ ನಲವತ್ತರಲ್ಲಿ ಒಂದು ಪಾಲು. ಎಣ್ಣೆ ತಗಲಿದ ಕಾಗದ ಪಾರದರ್ಶಕವಾಗುವುದಕ್ಕೂ ಇದೇ ಕಾರಣ. ಎಣ್ಣೆ ಹಚ್ಚಿದೊಡನೆ ಹೊಟ್ಟು ಹೋಯಿತೆಂದು ಸಂತೋಷಪಡುವವರು ತಿಳಿಯಬೇಕಾದುದು ಇಷ್ಟು: ಅದು ಹೋಗಿಲ್ಲ, ಕಾಣದಾಗಿದೆ. ಆದುದರಿಂದ ಹೊಟ್ಟನ್ನು ನೋಡಬೇಕಾದವರು ಎಣ್ಣೆ ಹಚ್ಚುವ ಮೊದಲೇ ನೋಡಬೇಕು.

ಸೀರಿನ ಬಣ್ಣದ ಬದಲಾವಣೆಗೂ ಇದೇ ವಿವರಣೆ. ಮರಿ ಒಳಗಿರುವಾಗ ಚಿಪ್ಪಿನ ತುಂಬ ಜೀವದ್ರವ್ಯವಿರುವುದರಿಂದ ಅದು ಕಂದುಹಳದಿಯಾಗಿ, ಕೂದಲಿನ ಬಣ್ಣದಲ್ಲಿ ಬೆರೆತು ಅಡಗಿರುತ್ತದೆ. ಮರಿ ಹೊರಟುಹೋದ ಮೇಲೆ ಒಳಗೆ ಗಾಳಿ ತುಂಬಿ ಚಿಪ್ಪು ಬೆಳ್ಳಗೆ ಹೊಳೆಯುತ್ತದೆ. ಹೀಗಾಗಿ ಕಣ್ಣಿಗೆ ಢಾಳಾಗಿ ಕಾಣುವ ಸೀರು ಅಪಾಯವಿಲ್ಲದ್ದು. ಅಪಾಯದ್ದು ಕಣ್ಣಿಗೆ ಸುಲಭವಾಗಿ ಬೀಳದ್ದು.

ಸೀರಿನ ವೇಷ ಹಾಕುವವು

ಕೂದಲಿನ ಮೇಲೆ ಸೀರಿನಂತೆಯೇ ತೋರುವ ಬೇರೆ ವಸ್ತುಗಳು ಕೆಲವಿವೆ.

ಮೊದಲನೆಯದು ಕೂದಲಿನ ಕೊಳವೆ. ಕೂದಲಿನ ಬುಡದ ಗೂಡಿನ ಒಳಪದರ ಕಳಚಿ, ಕೂದಲಿನ ಸುತ್ತ ಬಳೆಯಂತೆಯೋ ಕೊಳವೆಯಂತೆಯೋ ಉಳಿಯುತ್ತದೆ. ಉದ್ದ ಎರಡರಿಂದ ಏಳು ಮಿಲಿಮೀಟರು. ಬಣ್ಣ ಬಿಳಿ. ಜಡೆಯನ್ನು ಬಲು ಬಿಗಿಯಾಗಿ ಎಳೆದು ಕಟ್ಟುವ ಹುಡುಗಿಯರಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಸೀರು ಒಂದು ಪಕ್ಕದಲ್ಲಿದ್ದರೆ ಇದು ಕೂದಲನ್ನು ಸುತ್ತುವರಿದಿರುತ್ತದೆ. ಸೀರು ಜಗ್ಗದಿದ್ದರೆ ಇದು ದಾರದಲ್ಲಿ ಪೋಣಿಸಿದ ಮಣಿಯಂತೆ ಅತ್ತಿತ್ತ ಸರಿಯುತ್ತದೆ. ಮದ್ದು ಬೇಕಿಲ್ಲ, ಜಡೆಯನ್ನು ಸಡಿಲಿಸಿದರೆ ಬಹುಮಟ್ಟಿಗೆ ಸಾಕು.

ಎರಡನೆಯದು ಕೂದಲಿನ ಗಂಟು. ಬಿಸಿಯ ಉಪಕರಣ, ರಾಸಾಯನಿಕ, ಒರಟು ಬಾಚಣಿಕೆಗಳಿಂದ ಕೂದಲಿನ ಹೊರಪದರ ಹರಿದು ಒಳಗಿನ ಎಳೆಗಳು ಬಿಚ್ಚಿಕೊಳ್ಳುತ್ತವೆ. ಮಸೂರದಲ್ಲಿ ಎರಡು ಪೊರಕೆಗಳ ತುದಿಗಳನ್ನು ಎದುರುಬದುರಾಗಿ ಒತ್ತಿದಂತೆ ತೋರುತ್ತದೆ. ಮೆಲ್ಲಗೆ ಎಳೆದರೆ ಅಲ್ಲಿಯೇ ಕೂದಲು ತುಂಡಾಗುತ್ತದೆ.

ಮೂರನೆಯದು ಬಿಳಿ ಪೀಡ್ರಾ ಎಂಬ ಬೂಷ್ಟು. ಟ್ರೈಕೋಸ್ಪೋರಾನ್ ಜಾತಿಯ ಸೂಕ್ಷ್ಮಜೀವಿ ಕೂದಲಿನ ಸುತ್ತ ಮೆತ್ತನೆಯ, ಬೆಳ್ಳಗಿನ ಅಥವಾ ನಸುಹಳದಿಯ ಗಂಟುಗಳನ್ನು ಕಟ್ಟುತ್ತದೆ. ತೇವವಿರುವ ಬೆಚ್ಚಗಿನ ಹವೆ ಇದಕ್ಕೆ ಹಿತ. ಮಲೆನಾಡಿನ ಮಳೆಗಾಲದಲ್ಲಿ ನೆನೆದ ಕೂದಲನ್ನು ಹಾಗೆಯೇ ಹೆಣೆದು ಕಟ್ಟುವ ರೂಢಿಯನ್ನು ಬಿಡಬೇಕೆಂಬುದಕ್ಕೆ ಇದೊಂದು ಕಾರಣ. ಈ ಗಂಟನ್ನು ಬೆರಳಿನಿಂದ ಹಿಸುಕಿ ಎಳೆದರೆ ಕಳಚಿಬರುತ್ತದೆ.

ನಾಲ್ಕನೆಯದು ನಾವೇ ಹಾಕಿಕೊಂಡದ್ದು: ಸರಿಯಾಗಿ ತೊಳೆಯದೆ ಉಳಿದ ಸೀಗೇಪುಡಿ, ಒಣಗಿದ ಸೊಪ್ಪಿನ ಲೋಳೆ, ತಲೆಗೆ ಬಳಿಯುವ ಜೆಲ್ಲುಗಳ ಚೂರು. ಇನ್ನೊಮ್ಮೆ ನೀರು ಹಾಕಿದರೆ ಉತ್ತರ ತಾನೇ ದೊರೆಯುತ್ತದೆ.

ಚರ್ಮದ ಮೇಲಿನ ತೊಂದರೆಗಳು

ಮೇಲೆ ಹೇಳಿದವು ಕೂದಲಿಗೆ ಅಂಟಿದವು. ತಲೆಯ ಚರ್ಮದಲ್ಲಿಯೇ ನೆಲೆಸಿ ತುರಿಸುವ ತೊಂದರೆಗಳು ಬೇರೆ.

ಹೊಟ್ಟಿಗೆ ಸಂಬಂಧಪಟ್ಟದ್ದು ಮಲಸೀಜಿಯಾ ಎಂಬ ಸೂಕ್ಷ್ಮ ಬೂಷ್ಟು. ಅದು ಚರ್ಮದ ಜಿಡ್ಡನ್ನು ಉಂಡು ಬದುಕುತ್ತದೆ. ಜಿಡ್ಡು ಹೆಚ್ಚುವುದು ಪ್ರಾಯ ಬರುವ ಕಾಲಕ್ಕೆ. ಆದುದರಿಂದ ಹೊಟ್ಟು ಕಾಲೇಜಿನ ವಿದ್ಯಾರ್ಥಿಗಳಲ್ಲಿ ಸಾಮಾನ್ಯ, ಏಳೆಂಟು ವರ್ಷದ ಮಕ್ಕಳಲ್ಲಿ ಅಪರೂಪ. ಹೇನಿನದು ಇದಕ್ಕೆ ವಿರುದ್ಧ. ಅದು ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಹೆಚ್ಚು. ವಯಸ್ಸೇ ಒಂದು ಸುಳಿವು. ತುರಿಕೆಯ ನೆಲೆಯೂ ಒಂದು ಸುಳಿವು: ಹೇನು ಕಿವಿಯ ಹಿಂದೆ, ಹೆಗ್ಗತ್ತಿನ ಮೇಲೆ ಹೆಚ್ಚಾಗಿರುತ್ತದೆ, ಹೊಟ್ಟು ನೆತ್ತಿಯ ಮೇಲೆಲ್ಲ ಹರಡಿರುತ್ತದೆ.

ಸೋರಿಯಾಸಿಸ್‌ನಲ್ಲಿ ಬೆಳ್ಳಿಯಂತೆ ಹೊಳೆಯುವ ದಪ್ಪನೆಯ ಹಕ್ಕಳೆ, ಅದರಡಿಯಲ್ಲಿ ಕೆಂಪು, ಸ್ಪಷ್ಟವಾದ ಅಂಚು ಇರುತ್ತವೆ. ಹಣೆಯ ಗಡಿಯನ್ನು ದಾಟಿ ಅದು ಹೊರಕ್ಕೆ ಹಬ್ಬುವುದುಂಟು; ಮೊಣಕೈ ಮೊಣಕಾಲುಗಳನ್ನೂ ನೋಡಿದರೆ ಸಾಕ್ಷ್ಯ ಸಿಕ್ಕಬಹುದು. ಇದು ಅಂಟುರೋಗವಲ್ಲ.

ಮಕ್ಕಳಲ್ಲಿ ಎಲ್ಲಕ್ಕಿಂತ ಎಚ್ಚರದಿಂದ ಗುರುತಿಸಬೇಕಾದುದು ತಲೆಯ ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಿನಿಂದ ಬರುವುದಲ್ಲ, ಬೂಷ್ಟಿನಿಂದ. ಬೂಷ್ಟು ಕೂದಲನ್ನೇ ಹೊಕ್ಕು ಅದನ್ನು ಟೊಳ್ಳು ಮಾಡುತ್ತದೆ. ಕೂದಲು ಬುಡದಲ್ಲಿಯೇ ಮುರಿದು, ಬೋಳಾದ ತೇಪೆಗಳೂ ಅವುಗಳ ಮೇಲೆ ಕರಿಯ ಚುಕ್ಕೆಗಳೂ ಕಾಣುತ್ತವೆ. ಕೆಲವೊಮ್ಮೆ ಅದು ಕೀವು ತುಂಬಿದ ಮೆತ್ತನೆಯ ಬಾವಾಗಿ ಶಾಶ್ವತವಾದ ಕಲೆಯನ್ನು ಬಿಡುತ್ತದೆ. ಹೇನಿನಿಂದ ತೇಪೆತೇಪೆಯಾಗಿ ಕೂದಲು ಉದುರುವುದಿಲ್ಲ. ಈ ಒಂದು ಗುರುತನ್ನು ಮರೆಯದಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ. ಹೊರಗೆ ಹಚ್ಚುವ ಮುಲಾಮು ಕೂದಲಿನ ಬೇರನ್ನು ಮುಟ್ಟುವುದಿಲ್ಲ. ವೈದ್ಯರು ವಾರಗಟ್ಟಲೆ ನುಂಗುವ ಮಾತ್ರೆಯನ್ನೇ ಕೊಡಬೇಕಾಗುತ್ತದೆ. ೧೯೩೯ರಲ್ಲಿ ಒಂದು ಬಗೆಯ ಪೆನಿಸಿಲಿಯಂ ಬೂಷ್ಟಿನಿಂದ ಬೇರ್ಪಡಿಸಿದ ಗ್ರೀಸಿಯೋಫಲ್ವಿನ್ ಅಂಥ ಮದ್ದುಗಳಲ್ಲೊಂದು.

ಈ ರೋಗದ ಪತ್ತೆಗೆ ಭೌತವಿಜ್ಞಾನ ನೀಡಿದ ನೆರವೊಂದಿದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ೧೯೦೩ರಲ್ಲಿ, ಕಣ್ಣಿಗೆ ಕಾಣುವ ಬೆಳಕನ್ನು ತಡೆದು ನೇರಳಾತೀತ ಕಿರಣಗಳನ್ನು ಮಾತ್ರ ಬಿಡುವ ಶೋಧಕವನ್ನು ರೂಪಿಸಿದನು. ೧೯೨೫ರಲ್ಲಿ ಫ್ರಾನ್ಸಿನ ಮಾರ್ಗರೋ ಮತ್ತು ದೆವೇಜ್ ಎಂಬ ವೈದ್ಯರು ಅಂಥ ದೀಪದಡಿಯಲ್ಲಿ, ಬೂಷ್ಟು ಹಿಡಿದ ಕೂದಲು ಹಸುರಾಗಿ ಹೊಳೆಯುವುದನ್ನು ಕಂಡರು. ಕಾಣದ ಕಿರಣವನ್ನು ಹೀರಿ ಕಾಣುವ ಬೆಳಕನ್ನು ಹೊರಸೂಸುವ ಈ ಗುಣವೇ ಪ್ರತಿದೀಪ್ತಿ. ಆದರೆ ಇಲ್ಲಿ ತರ್ಕವನ್ನು ಜಾಗರೂಕತೆಯಿಂದ ಬಳಸಬೇಕು. ಮೈಕ್ರೋಸ್ಪೋರಂ ಜಾತಿಯ ಕೆಲವು ಬೂಷ್ಟುಗಳು ಹೊಳೆಯುತ್ತವೆ. ಭಾರತದಲ್ಲಿ ಹೆಚ್ಚಾಗಿ ಕಾಣುವ ಟ್ರೈಕೋಫೈಟನ್ ವಯೊಲೇಸಿಯಂ ಹೊಳೆಯುವುದಿಲ್ಲ. ಹೊಳೆದರೆ ರೋಗದ ಸಂಭವ ಬಲವಾಗುತ್ತದೆ. ಹೊಳೆಯದಿದ್ದರೆ ರೋಗವಿಲ್ಲವೆಂದು ಹೇಳಲು ಬರುವುದಿಲ್ಲ. ಆಗ ಕೂದಲನ್ನು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಕಾಡಿನ ಉಣುಗು

ಎಡಕುಮೇರಿಯಂಥ ಕಾಡುಸೀಮೆಯಲ್ಲಿ ಹೇನಿನೊಡನೆ ಗೊಂದಲಕ್ಕೀಡಾಗುವ ಇನ್ನೊಂದು ಜೀವಿಯೆಂದರೆ ಉಣುಗು. ಸೌದೆ, ತರಗೆಲೆ, ದನಗಳ ಮೇವಿಗೆಂದು ಕಾಡಿಗೆ ಹೋದವರ ತಲೆಯಲ್ಲಿಯೂ, ಕಿವಿಯ ಹಿಂದೆಯೂ ಅದು ಸೇರಿಕೊಳ್ಳಬಹುದು. ಮರಿ ಉಣುಗು ಹೇನಿಗಿಂತ ದೊಡ್ಡದಲ್ಲ. ಆದರೆ ಹೇನು ಕೂದಲನ್ನು ಹಿಡಿದು ಓಡಾಡುತ್ತದೆ. ಉಣುಗು ಚರ್ಮವನ್ನು ಕಚ್ಚಿ ಅಲ್ಲಿಯೇ ಕೂರುತ್ತದೆ. ಹೇನಿನ ಮೈ ಉದ್ದ, ತಲೆ ಬೇರೆಯಾಗಿ ಕಾಣುತ್ತದೆ, ಕಾಲು ಆರು. ಉಣುಗಿನ ಮೈ ದುಂಡು, ತಲೆಯೂ ಮೈಯೂ ಒಂದೇ ಮುದ್ದೆ. ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಯನ್ನುಳಿದು ಮಿಕ್ಕೆಲ್ಲಕ್ಕೂ ಕಾಲು ಎಂಟು. ಉಣುಗು ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ್ದು.

ಈ ಭೇದ ಮಲೆನಾಡಿನಲ್ಲಿ ಪ್ರಾಣಕ್ಕೆ ಸಂಬಂಧಿಸಿದ್ದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಕಾಡಿಗೆ ಹೋದ ಜನರೂ ಜ್ವರದಿಂದ ಮಲಗಿದಾಗ, ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಲಾಯಿತು. ಅದನ್ನು ಮುಖ್ಯವಾಗಿ ಹರಡುವುದು ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಅದರ ಮರಿ. ಅನಂತರದ ವರ್ಷಗಳಲ್ಲಿ ಪಶ್ಚಿಮಘಟ್ಟದ ಬೇರೆ ಜಿಲ್ಲೆಗಳಲ್ಲಿಯೂ, ಕೇರಳ ಗೋವೆಗಳಲ್ಲಿಯೂ ಈ ರೋಗ ಕಂಡುಬಂದಿದೆ. ಬೇಸಗೆಯ ತಿಂಗಳುಗಳು ಅದರ ಕಾಲ. ತಲೆಯಲ್ಲಿ ಉಣುಗು ಕಂಡರೆ ಸೀಮೆಎಣ್ಣೆ ಸುರಿಯುವುದೂ ಸುಡುವುದೂ ಸಲ್ಲದು. ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ಹಿಸುಕದೆ, ನೇರವಾಗಿ ಮೇಲಕ್ಕೆತ್ತಬೇಕು. ಆಮೇಲಿನ ಕೆಲದಿನಗಳಲ್ಲಿ ಜ್ವರ, ತಲೆನೋವು, ಮೈಕೈನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು.

ಪರೀಕ್ಷಿಸುವ ಕ್ರಮ

ಬರಿಗಣ್ಣು ೨೫ ಸೆಂಟಿಮೀಟರು ದೂರದಿಂದ ಸುಮಾರು ೦.೦೭ ಮಿಲಿಮೀಟರು ಅಂತರದ ಎರಡು ಚುಕ್ಕೆಗಳನ್ನು ಮಾತ್ರ ಬಿಡಿಬಿಡಿಯಾಗಿ ಕಾಣಬಲ್ಲದು. ಸೀರು ಕಾಣುತ್ತದೆ, ಅದರ ಆಕಾರ ಸ್ಪಷ್ಟವಾಗುವುದಿಲ್ಲ. ಪ್ರಯೋಗಶಾಲೆಯ ೫ ಸೆಂಟಿಮೀಟರು ಸಂಗಮದೂರದ ಮಸೂರ ಐದರಷ್ಟು ಹಿಗ್ಗಿಸಿ ತೋರಿಸುತ್ತದೆ, ಆಗ ೦.೮ ಮಿಲಿಮೀಟರಿನ ಸೀರು ೪ ಮಿಲಿಮೀಟರಿನ ವಸ್ತುವಿನಂತೆ ತೋರಿ, ಅದರ ಓರೆ, ಮುಚ್ಚಳ, ಅಂಟಿದ ಪಕ್ಕ ಎಲ್ಲವೂ ತಿಳಿಯುತ್ತವೆ.

ಒಣಕೂದಲನ್ನು ಬಿಡಿಸಿ ನೋಡುವುದಕ್ಕಿಂತ ಒದ್ದೆಯಾಗಿಸಿ ಬಾಚುವುದು ಹೇನಿನ ಪತ್ತೆಗೆ ಹೆಚ್ಚು ನಂಬಲರ್ಹವಾದ ವಿಧಾನ. ಕೂದಲನ್ನು ನೆನೆಸಿ, ಜಾರುವಂತೆ ಎಣ್ಣೆಯನ್ನೋ ಕಂಡೀಷನರನ್ನೋ ಸವರಿ, ಸಿಕ್ಕು ಬಿಡಿಸಬೇಕು. ಬಳಿಕ ಸೀರಣಿಗೆಯನ್ನು ಬುಡಕ್ಕೆ ತಾಗಿಸಿ ತುದಿಯವರೆಗೆ ಎಳೆಯಬೇಕು. ಪ್ರತಿಸಲವೂ ಹಣಿಗೆಯನ್ನು ಬಿಳಿಯ ಬಟ್ಟೆಯ ಮೇಲೆ ಒರೆಸಿ ನೋಡಬೇಕು. ಕಿವಿಯ ಹಿಂಭಾಗ ಮತ್ತು ಹೆಗ್ಗತ್ತಿನಿಂದ ಆರಂಭಿಸಿ ಇಡೀ ತಲೆಯನ್ನು ಮುಗಿಸಬೇಕು. ಬಟ್ಟೆಯ ಮೇಲೆ ಚಲಿಸುವ ಹೇನೊಂದು ಕಂಡರೆ ನಿರ್ಣಯವಾಯಿತು. ಕಾಣದಿದ್ದರೆ, ಬುಡದಿಂದ ಸೀರಿನ ದೂರ, ಅಂಟಿನ ಬಿಗಿ, ತಲೆಯ ಚರ್ಮದ ಸ್ಥಿತಿ ಇವುಗಳನ್ನು ಮೇಲೆ ಹೇಳಿದ ರೀತಿಯಲ್ಲಿ ಒಂದೊಂದಾಗಿ ವಿಚಾರಿಸಬೇಕು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೇನೆಂದು ಪರೀಕ್ಷೆಗೆ ಕಳುಹಿಸಿದ ಮಾದರಿಗಳಲ್ಲಿ ಹಲವು ಹೊಟ್ಟಿನ ಚೂರುಗಳೋ ಬೇರೆ ಕೀಟಗಳೋ ಆಗಿದ್ದವು. ವೈದ್ಯರು, ದಾದಿಯರು ಕಳುಹಿಸಿದ ಮಾದರಿಗಳೂ ಅವುಗಳಲ್ಲಿದ್ದವು. ಮಸೂರವಿಲ್ಲದ ಕಣ್ಣನ್ನು ಎಷ್ಟು ನಂಬಬಹುದೆಂಬುದಕ್ಕೆ ಇದೇ ನಿದರ್ಶನ.

ನಿರ್ಣಯದ ತರುವಾಯ

ಹೇನೆಂದು ಖಚಿತವಾದರೂ ಗಾಬರಿ ಬೇಡ, ಬೋಳಿಸುವುದೂ ಬೇಡ. ನೂರಕ್ಕೆ ಒಂದು ಪಾಲು ಪರ್ಮೆತ್ರಿನ್ ಇರುವ ದ್ರವವನ್ನು ವೈದ್ಯರ ಸಲಹೆಯಂತೆ ಹಚ್ಚಬಹುದು. ಅದು ಮೊಟ್ಟೆಗಳನ್ನೆಲ್ಲ ಕೊಲ್ಲುವುದಿಲ್ಲವಾದ್ದರಿಂದ ಸುಮಾರು ಒಂಬತ್ತನೆಯ ದಿನ ಮತ್ತೊಮ್ಮೆ ಹಚ್ಚುತ್ತಾರೆ. ಆ ವೇಳೆಗೆ ಉಳಿದ ಮೊಟ್ಟೆಗಳು ಬಹುಪಾಲು ಒಡೆದಿರುತ್ತವೆ. ಹೊಸ ಮರಿಗಳು ಇನ್ನೂ ಮೊಟ್ಟೆಯಿಡುವಷ್ಟು ಬೆಳೆದಿರುವುದಿಲ್ಲ. ಮದ್ದಿಗೆ ಬಗ್ಗದ ಹೇನುಗಳು ಈಗ ಹಲವು ದೇಶಗಳಲ್ಲಿವೆ. ಅಂಥಲ್ಲಿ ಮೂರು ನಾಲ್ಕು ದಿನಗಳಿಗೊಮ್ಮೆ, ಎರಡು ವಾರ ಬಿಡದೆ ಒದ್ದೆಯಾಗಿ ಬಾಚುವುದೇ ಉತ್ತಮ. ಮನೆಯ ಎಲ್ಲರ ತಲೆಯನ್ನೂ ಒಂದೇ ದಿನ ನೋಡಬೇಕು.

ಮಾಡಬಾರದ್ದನ್ನೂ ಹೇಳಬೇಕು. ಸೀಮೆಎಣ್ಣೆ ಬೆಂಕಿಗೆ ಆಹ್ವಾನ. ಗಿಡಗಳಿಗೆ ಹೊಡೆಯುವ ಕೀಟನಾಶಕ ತಲೆಯ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಸೀತಾಫಲದ ಬೀಜವನ್ನು ಅರೆದು ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ಅದು ಹೇನನ್ನು ಕೊಲ್ಲುವುದೂ ದಿಟ. ಆದರೆ ಆ ಪುಡಿ ಕಣ್ಣಿಗೆ ಬಿದ್ದು ಕಪ್ಪುಗುಡ್ಡೆಯ ಮೇಲಣ ಪಾರದರ್ಶಕ ಪಟಲ ಸುಟ್ಟಂತಾಗಿ, ದೃಷ್ಟಿಗೆ ಧಕ್ಕೆಯಾದ ಪ್ರಸಂಗಗಳನ್ನು ಭ���ರತದ ನೇತ್ರವೈದ್ಯರು ವರದಿ ಮಾಡಿದ್ದಾರೆ. ಹೇನಿಗಾಗಿ ಕಣ್ಣನ್ನು ತೆರುವುದು ಸಲ್ಲದು.

ಕೊನೆಯದಾಗಿ ಶಾಲೆಯ ಮಾತು. ಸೀರಿರುವ ಮಗುವನ್ನು ತರಗತಿಯಿಂದ ಹೊರಗಿಡುವ ನಿಯಮವನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಪ್ಪುವುದಿಲ್ಲ. ಹೇನು ಹತ್ತಿ ವಾರಗಳಾದ ಮೇಲೆಯೇ ಸಾಮಾನ್ಯವಾಗಿ ಅದು ಪತ್ತೆಯಾಗುವುದರಿಂದ, ಒಂದು ದಿನ ಹೊರಗಿಟ್ಟು ಸಾಧಿಸುವುದೇನೂ ಇಲ್ಲ. ಅವಮಾನವಂತೂ ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ಗೆಳತಿಯ ಜಡೆಯಲ್ಲಿ ಬಿಳಿಯ ಚುಕ್ಕೆ ಕಂಡಾಗ ನಮ್ಮ ಓದುಗರು ಆಡಿಕೊಳ್ಳುವ ಮೊದಲು ಅದನ್ನು ಊದಿ ನೋಡಲಿ, ಎಳೆದು ನೋಡಲಿ, ಬುಡದಿಂದ ಅಳೆದು ನೋಡಲಿ, ಮಸೂರ ಹಿಡಿದು ನೋಡಲಿ. ಇಷ್ಟನ್ನೂ ಮಾಡಿದವರಿಗೆ ಆಡಿಕೊಳ್ಳುವ ಮಾತು ಉಳಿಯುವುದಿಲ್ಲ. ಹೇಳುವುದಕ್ಕೆ ಉಪಯುಕ್ತವಾದ ಮಾತು ದೊರೆತಿರುತ್ತದೆ.